ಅಗಳಿ ಇತ್ತು, ಹಾಕಿರಲಿಲ್ಲ

೨೦೦೩ರ ಆಗಸ್ಟ್ ತಿಂಗಳ ಮಾತು. ಧಾರವಾಡದಲ್ಲಿ ಬಿ.ಎಸ್‌ಸಿ. ಮುಗಿಸಿ, ಕೇಂದ್ರ ಸರಕಾರದ ಕಾರಕೂನರಾಗಿ ನಾವು ಮುಂಬಯಿಗೆ ಬಂದು ಆಗ ಎರಡು ವರ್ಷವೂ ತುಂಬಿರಲಿಲ್ಲ. ಡೊಂಬಿವಲಿಯಲ್ಲಿ ಒಂದು ಬಾಡಿಗೆ ಕೋಣೆ, ಅದರಲ್ಲಿ ನಮ್ಮ ಕಡೆಯವರೇ ಮೂವರು. ಮೂವರೂ ಹಣ ಕೂಡಿಸಿ, ಲ್ಯಾಮಿಂಗ್ಟನ್ ರೋಡಿನಲ್ಲಿ ಬಿಡಿಭಾಗಗಳನ್ನು ಕೊಂಡು ಜೋಡಿಸಿಕೊಂಡಿದ್ದ ಗಣಕಯಂತ್ರವೇ ಆ ಕೋಣೆಯ ಏಕಮಾತ್ರ ವೈಭವ. ಆ ಯಂತ್ರದ ದೆಸೆಯಿಂದ ಸಂಘದ ಮಾಸಿಕಕ್ಕೆ ಲೇಖನಗಳನ್ನು ಟೈಪು ಮಾಡಿಕೊಡುವ ಕೆಲಸವೂ ನಮ್ಮ ಪಾಲಿಗೆ ಬಂದಿತ್ತು.

ಆ ದಿನಗಳಲ್ಲಿ ಸಂಘದ ಹಿರಿಯ ಸದಸ್ಯರೊಬ್ಬರು ತಮ್ಮ ನೆನಪುಗಳನ್ನು ಬರೆಯುತ್ತಿದ್ದರು. ಎಲ್ಲರೂ ಅವರನ್ನು ಮಾಸ್ತರರೆಂದೇ ಕರೆಯುತ್ತಿದ್ದುದು. ಮುಂಬಯಿಯ ಕನ್ನಡ ರಾತ್ರಿ ಶಾಲೆಯೊಂದರಲ್ಲಿ ಬಹುಕಾಲ ಕಲಿಸಿದವರು. ಹಗಲು ಹೊಟೇಲುಗಳಲ್ಲಿ ಕಪ್ಪು ಬಸಿ ತೊಳೆದು, ರಾತ್ರಿ ನಿದ್ದೆಗಣ್ಣಿನಲ್ಲೇ ಪುಸ್ತಕ ಹಿಡಿದು ಬರುತ್ತಿದ್ದ ಹುಡುಗರ ಕಥೆ ಅದು. ಹಳೆಯ ಪ್ರಶ್ನೆಪತ್ರಿಕೆಗಳ ಬೆನ್ನಿಗೆ ಬರೆದು ತಂದುಕೊಡುತ್ತಿದ್ದರು. ನಾವು ಟೈಪು ಮಾಡಿ ಮುಗಿಸಿದೆವೆಂದರೆ ಆ ಹಾಳೆಗಳನ್ನು ಹರಿದು ಬುಟ್ಟಿಗೆ ಹಾಕುವರು. “ಇನ್ನು ಇವು ಯಾಕೆ? ನಿಮ್ಮ ಪೆಟ್ಟಿಗೆಯಲ್ಲಿ ಭದ್ರವಾಗಿವೆಯಲ್ಲ!” ಎನ್ನುವರು. ಮೊದಲ ಕಂತು ಜುಲೈ ಸಂಚಿಕೆಯಲ್ಲಿ ಅಚ್ಚಾಗಿತ್ತು. ಉಳಿದ ನಲವತ್ತು ಪುಟಗಳು ನಮ್ಮ ಪೆಟ್ಟಿಗೆಯಲ್ಲಿದ್ದವು.

ಒಂದು ಸಂಜೆ ದೂರವಾಣಿಯ ತಂತಿಯ ಮೂಲಕ ಇಂಟರ್ನೆಟ್ಟಿಗೆ ಸೇರಿಕೊಂಡ ಕೆಲವೇ ನಿಮಿಷಗಳಲ್ಲಿ ತೆರೆಯ ಮೇಲೆ ಒಂದು ಚೌಕ ಮೂಡಿತು. ‘ರಿಮೋಟ್ ಪ್ರೊಸೀಜರ್ ಕಾಲ್’ ಎಂಬ ಸೇವೆ ಹಠಾತ್ತನೆ ನಿಂತುಹೋದ ಕಾರಣ ಯಂತ್ರವನ್ನು ಮುಚ್ಚಲಾಗುತ್ತಿದೆ ಎಂಬ ಒಕ್ಕಣೆ. ಕೆಳಗೆ ಗಡಿಯಾರ: ಅರವತ್ತು ಸೆಕೆಂಡು, ಐವತ್ತೊಂಬತ್ತು, ಐವತ್ತೆಂಟು. ಸೊನ್ನೆಗೆ ಬಂದೊಡನೆ ಯಂತ್ರ ಆರಿ ಮತ್ತೆ ಹೊತ್ತಿಕೊಂಡಿತು. ಪುನಃ ಇಂಟರ್ನೆಟ್ಟಿಗೆ ಸೇರಿದರೆ ಪುನಃ ಅದೇ ಚೌಕ. ಮೂರು ದಿನ ಹೀಗೆ ಹೆಣಗಿ, ಕಡೆಗೆ ರಿಪೇರಿಯ ಹುಡುಗನೊಬ್ಬನನ್ನು ಕರೆತಂದೆವು. ಅವನು ನೋಡಿ, “ಫಾರ್ಮ್ಯಾಟ್ ಮಾಡಬೇಕು” ಎಂದ. ನಾವು ಹೂಂ ಎಂದೆವು. ನಕಲು ತೆಗೆದಿಟ್ಟಿದ್ದೀರಾ ಎಂದು ಅವನು ಕೇಳಲಿಲ್ಲ, ನಮಗೂ ಹೊಳೆಯಲಿಲ್ಲ. ಮಾಸ್ತರರ ನಲವತ್ತು ಪುಟಗಳು ಹೋದವು. ಅದಕ್ಕಿಂತ ಕ್ರೂರವಾದ ಸಂಗತಿ ಎಂದರೆ, ಎಲ್ಲವನ್ನೂ ಅಳಿಸಿ ಹೊಸದಾಗಿ ವಿಂಡೋಸ್ ಹಾಕಿದ ಮೇಲೂ, ಇಂಟರ್ನೆಟ್ಟಿಗೆ ಸೇರಿದ ಅರ್ಧ ಗಂಟೆಯೊಳಗೆ ಅದೇ ಚೌಕ ಮತ್ತೆ ಬಂದು ನಿಂತಿತು.

ನಮ್ಮನ್ನು ಇಂದಿಗೂ ಚುಚ್ಚುವ ವಿಷಯ ಮತ್ತೊಂದು. ಈ ಕಾಟವನ್ನು ಹೊಸ್ತಿಲಾಚೆಯೇ ತಡೆಯಬಲ್ಲ ಒಂದು ಗೋಡೆ ನಾವು ಕೊಂಡ ದಿನದಿಂದಲೂ ಆ ಯಂತ್ರದ ಒಳಗೇ ಇತ್ತು. ಅದಕ್ಕೆ ಬೇರೆ ದುಡ್ಡು ಕೊಡಬೇಕಾಗಿರಲಿಲ್ಲ. ಒಂದು ಚಿಕ್ಕ ಚೌಕದಲ್ಲಿ ಗುರುತು ಹಾಕಿದ್ದರೆ ಸಾಕಿತ್ತು. ಇದ್ದ ಗೋಡೆ ಇಲ್ಲದಂತೆ ಏಕಿತ್ತು ಎಂಬುದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಫೈರ್‌ವಾಲ್ ಎಂಬುದು ಮೂಲತಃ ಕಟ್ಟಡ ಕಟ್ಟುವವರ ಮಾತು. ಒಂದು ಮನೆಗೆ ತಗುಲಿದ ಬೆಂಕಿ ಪಕ್ಕದ ಮನೆಗೆ ಹಬ್ಬದಿರಲೆಂದು ನಡುವೆ ಕಟ್ಟುವ ಗೋಡೆ ಅದು. ಮೋಟಾರು ಗಾಡಿಯಲ್ಲಿ ಎಂಜಿನ್ನಿಗೂ ಕುಳಿತವರಿಗೂ ನಡುವೆ ಇರುವ ಲೋಹದ ತಡಿಕೆಗೂ ಅದೇ ಹೆಸರು. ಕನ್ನಡದಲ್ಲಿ ಕೆಲವರು ಇದನ್ನು ‘ಅಗ್ನಿಗೋಡೆ’ ಎಂದು ಕರೆದದ್ದುಂಟು. ಬೆಂಕಿಯಿಂದಲೇ ಕಟ್ಟಿದ ಗೋಡೆ ಎಂಬ ಭಾವನೆ ಬರುವುದರಿಂದ ನಮಗೆ ಆ ಪದ ಅಷ್ಟಾಗಿ ಒಪ್ಪಿಗೆಯಿಲ್ಲ. ಇರಲಿ. ಗಣಕಗಳ ಪ್ರಪಂಚದಲ್ಲಿ ಈ ಪದ ಬಳಕೆಗೆ ಬಂದದ್ದು ೧೯೮೦ರ ದಶಕದ ಕೊನೆಗೆ. ಅಲ್ಲಿಯ ವರೆಗೆ ಇಂಟರ್ನೆಟ್ ಎಂಬುದು ವಿದ್ವಾಂಸರ ಓಣಿಯಾಗಿತ್ತು. ವಿಶ್ವವಿದ್ಯಾಲಯಗಳು, ಸಂಶೋಧನಾ ಸಂಸ್ಥೆಗಳು, ಸೇನೆಯ ಕೆಲವು ಕಚೇರಿಗಳು ಅದರ ನಿವಾಸಿಗಳು. ಒಬ್ಬರ ಪರಿಚಯ ಒಬ್ಬರಿಗಿದ್ದ ಆ ಓಣಿಯಲ್ಲಿ ಹಗಲು ಹೊತ್ತು ಯಾರೂ ಬಾಗಿಲು ಹಾಕುತ್ತಿರಲಿಲ್ಲ.

೧೯೮೮ರ ನವೆಂಬರ್ ೨ರ ರಾತ್ರಿ ಆ ಸಲುಗೆಗೆ ಪೆಟ್ಟು ಬಿತ್ತು. ಅಮೇರಿಕೆಯ ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಬರ್ಟ್ ಮಾರಿಸ್ ಎಂಬಾತ, ತಾನಾಗಿ ಒಂದು ಯಂತ್ರದಿಂದ ಇನ್ನೊಂದಕ್ಕೆ ಹರಿದು ಹೋಗುವ ಪ್ರೋಗ್ರಾಮೊಂದನ್ನು ಹೊರಬಿಟ್ಟ. ಆಗ ಇಂಟರ್ನೆಟ್ಟಿನಲ್ಲಿದ್ದುವೆಂದು ಅಂದಾಜು ಮಾಡಲಾದ ೬೦,೦೦೦ ಗಣಕಗಳಲ್ಲಿ ಸುಮಾರು ೬,೦೦೦ ಅದಕ್ಕೆ ತುತ್ತಾದುವೆಂಬುದು ಬಹಳವಾಗಿ ಚಾಲ್ತಿಯಲ್ಲಿರುವ ಲೆಕ್ಕ. ಏನನ್ನೂ ಅಳಿಸದೆ, ಏನನ್ನೂ ಕದಿಯದೆ, ಒಂದೇ ಯಂತ್ರದಲ್ಲಿ ನೂರಾರು ಪ್ರತಿಗಳಾಗಿ ಬೆಳೆದು ಆ ಯಂತ್ರ ಅಲುಗಾಡದಂತೆ ಮಾಡಿತು. ಹುಡುಗನ ತಂದೆ ಅಮೇರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆಯಲ್ಲಿ ಗಣಕ ಭದ್ರತೆಯನ್ನೇ ನೋಡಿಕೊಳ್ಳುತ್ತಿದ್ದ ವಿಜ್ಞಾನಿ ಎಂಬುದು ವಿಧಿಯ ವಿನೋದ. ೧೯೯೦ರಲ್ಲಿ ಮಗನಿಗೆ ಮೂರು ವರ್ಷಗಳ ಪ್ರೊಬೇಷನ್, ೪೦೦ ಗಂಟೆಗಳ ಸಮಾಜಸೇವೆ ಮತ್ತು ೧೦,೦೫೦ ಡಾಲರುಗಳ ದಂಡ ವಿಧಿಸಲಾಯಿತು.

ಅದಾದ ಬಳಿಕ ದೊಡ್ಡ ಸಂಸ್ಥೆಗಳು ಒಂದೊಂದಾಗಿ ತಮ್ಮ ಹೆಬ್ಬಾಗಿಲಿಗೆ ಕಾವಲು ಹಾಕತೊಡಗಿದವು. ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪೆನಿಯ ಜೆಫ್ರಿ ಮೊಗಲ್ ೧೯೮೯ರಲ್ಲಿ, ಬರುವ ಹೋಗುವ ಪ್ಯಾಕೆಟ್ಟುಗಳ ವಿಳಾಸ ನೋಡಿ ಬಿಡುವ ಇಲ್ಲವೆ ತಡೆಯುವ ವಿಧಾನವೊಂದನ್ನು ವಿವರಿಸಿದರು. ಬೆಲ್ ಪ್ರಯೋಗಾಲಯದ ಬಿಲ್ ಚೆಸ್ವಿಕ್ ತಮ್ಮ ಸಂಸ್ಥೆಯ ಹೆಬ್ಬಾಗಿಲನ್ನು ಹೇಗೆ ಕಟ್ಟಿದೆವೆಂದು ೧೯೯೦ರಲ್ಲಿ ಬರೆದರು. ೧೯೯೨ರಲ್ಲಿ ಅದೇ ಡಿಜಿಟಲ್ ಕಂಪೆನಿ ಇಂಥ ಕಾವಲನ್ನು ಮಾರಾಟದ ಸರಕಾಗಿಯೇ ಪೇಟೆಗೆ ತಂದಿತು. ಆದರೆ ಇಂದು ನಮ್ಮೆಲ್ಲರ ಮನೆಯ ಯಂತ್ರದಲ್ಲಿರುವ ಗೋಡೆಯ ಹಿಂದಿನ ಯುಕ್ತಿ ಜನಪ್ರಿಯವಾದದ್ದು ೧೯೯೪ರಲ್ಲಿ. ಇಸ್ರೇಲಿನ ಚೆಕ್ ಪಾಯಿಂಟ್ ಎಂಬ ಹೊಸ ಕಂಪೆನಿಯ ಫೈರ್‌ವಾಲ್-೧ ಅದನ್ನು ಪೇಟೆಯಲ್ಲಿ ಹರಡಿತು. ಈ ಯುಕ್ತಿಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಲು ನಮಗೆ ಮನಸ್ಸು, ಏಕೆಂದರೆ ಇದು ಕಾರಕೂನರಿಗೆ ಅಂಗೈ ನೆಲ್ಲಿಕಾಯಿ.

ಕಚೇರಿಯಲ್ಲಿ ಆವಕ-ಜಾವಕ ರಿಜಿಸ್ಟರು ಇರುವುದು ಎಲ್ಲರಿಗೂ ಗೊತ್ತು. ಹೊರಗೆ ಹೋದ ಪ್ರತಿ ಪತ್ರಕ್ಕೂ ಜಾವಕದಲ್ಲಿ ಒಂದು ನಂಬರು. ಈಗ ಒಬ್ಬ ಕಟ್ಟುನಿಟ್ಟಿನ ಟಪಾಲು ಕಾರಕೂನ ಬಾಗಿಲಲ್ಲೇ ಕುಳಿತಿದ್ದಾನೆಂದು ಭಾವಿಸಿರಿ. ಒಂದು ಲಕೋಟೆ ಬಂದರೆ ಆತ ಜಾವಕ ತಿರುವಿ ನೋಡುತ್ತಾನೆ. ಈ ವಿಳಾಸಕ್ಕೆ ನಮ್ಮಿಂದ ಪತ್ರ ಹೋಗಿದೆಯೆ? ಹೋಗಿದ್ದರೆ ಇದು ಅದರ ಉತ್ತರ, ಒಳಗೆ ಬಿಡು. ಹೋಗಿಲ್ಲವಾದರೆ ಇದನ್ನು ಕೇಳಿದವರು ಯಾರೂ ಇಲ್ಲ, ಹೊರಗೇ ಹಾಕು. ಲಕೋಟೆಯನ್ನು ಒಡೆದು ಓದುವ ಗೊಡವೆ ಆತನಿಗಿಲ್ಲ. ಫೈರ್‌ವಾಲ್ ಮಾಡುವುದೂ ಇಷ್ಟೇ. ನಾವು ಒಂದು ಪತ್ರಿಕೆಯ ಪುಟವನ್ನು ಕೇಳಿದರೆ ಆ ಕೋರಿಕೆ ಅದರ ಜಾವಕದಲ್ಲಿ ದಾಖಲಾಗುತ್ತದೆ ಮತ್ತು ಬರುವ ಪುಟಕ್ಕೆ ಪ್ರವೇಶ ಸಿಗುತ್ತದೆ. ನಾವು ಕೇಳದೆ ಯಾವುದೋ ಊರಿನ ಯಾವುದೋ ಯಂತ್ರ ನಮ್ಮ ಬಾಗಿಲು ತಟ್ಟಿದರೆ ಒಳಗಿನಿಂದ ‘ಯಾರು?’ ಎಂಬ ಸೊಲ್ಲು ಕೂಡ ಹೊರಡುವುದಿಲ್ಲ. ಮನೆಯಲ್ಲಿ ಯಾರೂ ಇಲ್ಲವೆಂದುಕೊಂಡು ತಟ್ಟಿದವನು ಮುಂದೆ ಹೋಗುತ್ತಾನೆ.

ಇದೆಲ್ಲ ಕಂಪೆನಿಗಳ ಮಟ್ಟದ ಮಾತಾಯಿತು. ಮನೆಯ ಗಣಕಕ್ಕೆ ಇದು ಬೇಕೆಂದು ಆಗ ಬಹಳ ಜನಕ್ಕೆ ಅನ್ನಿಸಿರಲಿಲ್ಲ. ನಮ್ಮ ದೇಶದಲ್ಲಿ ವಿದೇಶ ಸಂಚಾರ ನಿಗಮ ಸಾರ್ವಜನಿಕರಿಗೆ ಇಂಟರ್ನೆಟ್ ಕೊಟ್ಟದ್ದು ೧೯೯೫ರ ಆಗಸ್ಟ್ ೧೫ರಂದು, ಮುಂಬಯಿಯೂ ಸೇರಿ ನಾಲ್ಕು ಮಹಾನಗರಗಳಲ್ಲಿ. ಮೊಡೆಮ್ಮಿನ ಕಿರಿಚಾಟ ಕೇಳುತ್ತ ಕೂತು, ಕೆಲಸ ಮುಗಿದೊಡನೆ ತಂತಿ ಕಳಚುತ್ತಿದ್ದ ಕಾಲ ಅದು. ಬಿಲ್ಲಿನ ಹೆದರಿಕೆಯೇ ದೊಡ್ಡ ಕಾವಲಾಗಿತ್ತು. ಜೊತೆಗೆ ಮನೆಗಳಲ್ಲಿದ್ದ ವಿಂಡೋಸ್ ೯೫, ೯೮ ಯಂತ್ರಗಳು ಹೊರಗಿನವರ ಕರೆಗೆ ಓಗೊಡುವ ಸೇವೆಗಳನ್ನು ಹೆಚ್ಚಾಗಿ ನಡೆಸುತ್ತಿರಲಿಲ್ಲ.

೨೦೦೧ರ ಅಕ್ಟೋಬರ್ ೨೫ರಂದು ವಿಂಡೋಸ್ ಎಕ್ಸ್‌ಪಿ ಹೊರಬಂದಾಗ ಈ ಸ್ಥಿತಿ ಬದಲಾಯಿತು. ಅದು ಕಚೇರಿಗಳಿಗಾಗಿ ಬೆಳೆಸಿದ ಎನ್‌ಟಿ ಎಂಬ ವಂಶದ ಕುಡಿ. ಮನೆಗಳಲ್ಲಿದ್ದ ಹಳೆಯ ವಂಶಕ್ಕಿಂತ ಎಷ್ಟೋ ಗಟ್ಟಿ, ಮಾತುಮಾತಿಗೆ ನಿಂತುಹೋಗುವ ರೋಗ ಇಲ್ಲ. ಆದರೆ ಕಚೇರಿಯ ಯಂತ್ರಕ್ಕೆ ಕಚೇರಿಯ ಅಭ್ಯಾಸಗಳೂ ಇರುತ್ತವೆ. ಪಕ್ಕದ ಮೇಜಿನ ಯಂತ್ರ ಕೇಳಿದರೆ ಕಡತ ಕೊಡುವುದು, ಮುದ್ರಣಕ್ಕೆ ಕಳಿಸುವುದು, ದೂರದಿಂದ ಬಂದ ಆಜ್ಞೆಯನ್ನು ನಡೆಸುವುದು, ಇಂಥ ಕೆಲಸಗಳಿಗಾಗಿ ಅದು ಕೆಲವು ಕಿಟಕಿಗಳನ್ನು ಸದಾ ತೆರೆದು ಕುಳಿತಿರುತ್ತದೆ. ಗಣಕದ ಭಾಷೆಯಲ್ಲಿ ಇವಕ್ಕೆ ಪೋರ್ಟುಗಳೆಂದು ಹೆಸರು. ೬೫,೫೩೫ರ ವರೆಗೆ ನಂಬರುಗಳಿವೆ. ಎಕ್ಸ್‌ಪಿಯಲ್ಲಿ ೧೩೫ ಮತ್ತು ೪೪೫ನೆಯ ಕಿಟಕಿಗಳು ತಾವಾಗಿಯೇ ತೆರೆದಿದ್ದವು. ನಾಲ್ಕು ಗೋಡೆಗಳ ಕಚೇರಿಯೊಳಗೆ ಇದು ಅನುಕೂಲ. ಡೊಂಬಿವಲಿಯ ಕೋಣೆಯಲ್ಲಿ ಇಡೀ ಪ್ರಪಂಚಕ್ಕೆ ಎದುರಾಗಿ ಕುಳಿತ ಯಂತ್ರಕ್ಕೆ ಅದೇ ಅನುಕೂಲ ಅಪಾಯ.

ಇದನ್ನು ಕಟ್ಟಿದವರು ತಿಳಿಯದವರಲ್ಲ. ಅದೇ ಎಕ್ಸ್‌ಪಿಯೊಳಗೆ ಅವರು ‘ಇಂಟರ್ನೆಟ್ ಕನೆಕ್ಷನ್ ಫೈರ್‌ವಾಲ್’ ಎಂಬುದನ್ನೂ ಇಟ್ಟಿದ್ದರು. ಮೇಲೆ ಹೇಳಿದ ಆವಕ-ಜಾವಕದ ಕಾವಲುಗಾರನೇ ಅದು. ಆದರೆ ಸಾಮಾನ್ಯವಾಗಿ ಅದನ್ನು ಚಾಲೂ ಮಾಡಿ ಕೊಟ್ಟಿರಲಿಲ್ಲ. ಸಂಪರ್ಕಗಳ ಪಟ್ಟಿಗೆ ಹೋಗಿ, ನಮ್ಮ ಸಂಪರ್ಕದ ಗುಣಲಕ್ಷಣಗಳನ್ನು ತೆರೆದು, ‘ಅಡ್ವಾನ್ಸ್ಡ್’ ಎಂಬ ಪುಟಕ್ಕೆ ಹೋದರೆ ಅಲ್ಲಿ ಒಂದು ಚೌಕ. ‘ಅಡ್ವಾನ್ಸ್ಡ್’ ಎಂಬ ಹಣೆಪಟ್ಟಿ ಕಂಡ ಮೇಲೆ ಯಾವ ಗೃಹಸ್ಥ ಅಲ್ಲಿಗೆ ಕಾಲಿಟ್ಟಾನು? ಚಾಲೂ ಮಾಡಿದರೆ ಮನೆಯ ಯಂತ್ರಗಳ ನಡುವಣ ಕಡತ ಹಂಚಿಕೆ ನಿಂತೀತು, ಪ್ರಿಂಟರು ಮುನಿದೀತು, ಕೆಲವು ಆಟಗಳು ನಡೆಯಲಾರವು, ದೂರುಗಳು ಬಂದಾವು ಎಂಬ ಅಂಜಿಕೆ ಒಂದು ಕಡೆ. ಎಂದೋ ಬರಬಹುದಾದ ಹುಳುವಿನ ಅಂಜಿಕೆ ಇನ್ನೊಂದು ಕಡೆ. ಇಂದಿನ ದೂರು ನಾಳೆಯ ಹುಳುವನ್ನು ಗೆದ್ದಿತು. ಸರಕಾರಿ ಕಚೇರಿಯಲ್ಲಿ ಎರಡು ದಶಕ ಕಳೆದ ನಾವು ಇಂಥ ತೀರ್ಮಾನಗಳನ್ನು ಹಲವು ನೋಡಿದ್ದೇವೆ. ಆದ್ದರಿಂದ ಅವರನ್ನು ಬಯ್ಯಲು ಬಾಯಿ ಬರುವುದಿಲ್ಲ.

೨೦೦೨ರ ಜನವರಿ ೧೫ರಂದು ಬಿಲ್ ಗೇಟ್ಸ್ ತಮ್ಮ ನೌಕರರಿಗೆಲ್ಲ ಪತ್ರ ಬರೆದು, ಇನ್ನು ಹೊಸ ಸೌಲಭ್ಯಕ್ಕಿಂತ ಭದ್ರತೆಯೇ ಮೊದಲು ಎಂದರು. ಪತ್ರ ಬರೆಯುವುದು ಬೇರೆ, ಅದು ಜಾರಿಗೆ ಬರುವುದು ಬೇರೆ.

೨೦೦೩ರ ಜುಲೈ ೧೬ರಂದು ಮೈಕ್ರೋಸಾಫ್ಟ್ ಒಂದು ಪ್ರಕಟಣೆ ಹೊರಡಿಸಿತು. ೧೩೫ನೆಯ ಕಿಟಕಿಯ ಹಿಂದೆ ಕುಳಿತ ಸೇವೆಯಲ್ಲಿ ದೋಷವಿದೆ, ಹೊರಗಿನವರು ಅದರ ಮೂಲಕ ಯಂತ್ರವನ್ನೇ ವಶಪಡಿಸಿಕೊಳ್ಳಬಹುದು, ಇಗೋ ತೇಪೆ, ಹಾಕಿಕೊಳ್ಳಿರಿ ಎಂದು ಅದರ ಸಾರಾಂಶ. ಪೋಲೆಂಡಿನ ಸಂಶೋಧಕರ ಗುಂಪೊಂದು ಆ ದೋಷವನ್ನು ಕಂಡುಹಿಡಿದು ತಿಳಿಸಿತ್ತು. ಸರಿಯಾಗಿ ಇಪ್ಪತ್ತಾರು ದಿನಗಳ ನಂತರ, ಆಗಸ್ಟ್ ೧೧ರಂದು, ಬ್ಲಾಸ್ಟರ್ ಎಂಬ ಹುಳು ಹೊರಬಿತ್ತು. ಅದು ಟಪಾಲಿನೊಳಗೆ ಅವಿತು ಬರುವುದಲ್ಲ; ಯಾರೂ ಏನನ್ನೂ ಒತ್ತಬೇಕಾಗಿಲ್ಲ. ಇಂಟರ್ನೆಟ್ಟಿನಲ್ಲಿ ಒಂದೊಂದೇ ವಿಳಾಸದ ೧೩೫ನೆಯ ಕಿಟಕಿಯನ್ನು ತಟ್ಟುತ್ತ ಹೋಗುವುದು, ತೆರೆದಿದ್ದರೆ ಒಳನುಗ್ಗುವುದು, ಅಲ್ಲಿಂದ ಮುಂದಿನ ಮನೆ. ಎದುರಿನ ಯಂತ್ರ ಎಕ್ಸ್‌ಪಿಯೋ ವಿಂಡೋಸ್ ೨೦೦೦ವೋ ಎಂದು ಅದು ಊಹೆ ಮಾಡುತ್ತಿತ್ತು. ಊಹೆ ತಪ್ಪಿದರೆ ಆ ಸೇವೆಯೇ ಕುಸಿದು ಬೀಳುವುದು. ಆ ಸೇವೆ ಕುಸಿದರೆ ಅರವತ್ತು ಸೆಕೆಂಡಿನಲ್ಲಿ ಯಂತ್ರವನ್ನು ಮುಚ್ಚಿ ತೆರೆಯಬೇಕೆಂಬುದು ಎಕ್ಸ್‌ಪಿಯ ಕಟ್ಟಳೆ. ನಮ್ಮ ಕೋಣೆಯ ಗಡಿಯಾರದ ರಹಸ್ಯ ಇದು. ಹುಳು ಒಳಹೊಕ್ಕದ್ದಕ್ಕೆ ಮಾತ್ರವಲ್ಲ, ಹೊಗಲು ಹೋಗಿ ಎಡವಿದ್ದಕ್ಕೂ ಯಂತ್ರ ಆರುತ್ತಿತ್ತು.

ತೇಪೆ ಇತ್ತಲ್ಲ ಎನ್ನಬಹುದು. ಅದನ್ನು ತರಲು ಇಂಟರ್ನೆಟ್ಟಿಗೆ ಸೇರಬೇಕು. ಸೇರಿದರೆ ತೇಪೆ ಇಳಿಯುವುದಕ್ಕೆ ಮುಂಚೆ ಹುಳು ಬರುತ್ತಿತ್ತು. ಬಾವಿಗೆ ಹೋಗುವ ದಾರಿಯಲ್ಲೇ ಹುಲಿ ಕೂತ ಹಾಗೆ. ಬಿಡುಗಡೆಯ ದಾರಿ ಒಂದೇ: ಮೊದಲು ಆ ‘ಅಡ್ವಾನ್ಸ್ಡ್’ ಪುಟದ ಚೌಕದಲ್ಲಿ ಗುರುತು ಹಾಕು, ಗೋಡೆ ಏಳಲಿ, ಆಮೇಲೆ ತೇಪೆ ತಾ. ಗಡಿಯಾರ ಆಗಲೇ ಓಡುತ್ತಿದ್ದರೆ ‘ಶಟ್‌ಡೌನ್’ ಎಂದು ಬರೆದು, ಒಂದು ಕಿರುಗೆರೆ ಎಳೆದು, ‘ಎ’ ಅಕ್ಷರ ಒತ್ತಿದರೆ ಎಣಿಕೆ ನಿಲ್ಲುತ್ತಿತ್ತು. ಮೈಕ್ರೋಸಾಫ್ಟ್ ಇದನ್ನೆಲ್ಲ ಪ್ರಕಟಿಸಿತ್ತು, ಇಂಟರ್ನೆಟ್ಟಿನಲ್ಲಿ! ನಮಗೆ ಗೊತ್ತಾದದ್ದು ಸೆಪ್ಟೆಂಬರಿನಲ್ಲಿ, ಕಚೇರಿಯ ಸಹೋದ್ಯೋಗಿಯೊಬ್ಬರು ಕಾಗದದ ಚೀಟಿಯಲ್ಲಿ ಬರೆದುಕೊಟ್ಟಾಗ. ಗುರುತು ಹಾಕಿದೆವು. ಚೌಕ ಮತ್ತೆ ಬರಲಿಲ್ಲ. ಅಂದು ರಾತ್ರಿ ನಮಗೆ ಊಟ ಸೇರಲಿಲ್ಲ.

ಆ ಆಗಸ್ಟಿನಲ್ಲಿ ವಿಚಿತ್ರಗಳೂ ನಡೆದವು. ೧೮ರಂದು ವೆಲ್ಚಿಯಾ ಎಂಬ ಇನ್ನೊಂದು ಹುಳು ಬಂದು, ಅದೇ ಕಿಟಕಿಯಿಂದ ನುಗ್ಗಿ, ಬ್ಲಾಸ್ಟರನ್ನು ಕಿತ್ತುಹಾಕಿ ತೇಪೆಯನ್ನೂ ಹಚ್ಚಲು ನೋಡುತ್ತಿತ್ತು. ಕೇಳದೆ ಉಪಕಾರ ಮಾಡುವ ನೆಂಟನಂತೆ ಅದು ತಂತಿಗಳನ್ನೆಲ್ಲ ಕಿಕ್ಕಿರಿಸಿ ಬ್ಲಾಸ್ಟರಿನಷ್ಟೇ ಪೀಡೆಯಾಯಿತು. ೧೪ರಂದು ಅಮೇರಿಕ ಮತ್ತು ಕೆನಡಾಗಳ ಈಶಾನ್ಯ ಭಾಗ ಕತ್ತಲೆಯಲ್ಲಿ ಮುಳುಗಿದಾಗ ಜನ ಹುಳುವನ್ನೇ ಶಂಕಿಸಿದರು. ಎರಡೂ ದೇಶಗಳ ಜಂಟಿ ತನಿಖೆಯಲ್ಲಿ ಅದಕ್ಕೆ ಆಧಾರ ಸಿಗಲಿಲ್ಲ.

ಮರುವರ್ಷ ಏಪ್ರಿಲ್ ಕೊನೆಗೆ ಸ್ಯಾಸರ್ ಬಂದಿತು. ಈ ಸಲ ೪೪೫ನೆಯ ಕಿಟಕಿ, ಅದೇ ಅರವತ್ತು ಸೆಕೆಂಡಿನ ಗಡಿಯಾರ. ತೇಪೆ ಹೊರಬಂದು ಹದಿನೇಳು ದಿನಗಳಷ್ಟೇ ಆಗಿದ್ದವು. ಬ್ರಿಟನ್ನಿನ ಕರಾವಳಿ ಕಾವಲು ಕೇಂದ್ರಗಳಲ್ಲಿ ಗಣಕಗಳು ನಿಂತು, ಅಲ್ಲಿಯ ನೌಕರರು ಮರಳಿ ಕಾಗದದ ನಕ್ಷೆಗೂ ಪೆನ್ನಿಗೂ ಶರಣಾದರು. ಹುಳುವನ್ನು ಬರೆದವನು ಜರ್ಮನಿಯ ಹದಿಹರೆಯದ ವಿದ್ಯಾರ್ಥಿ. ಬ್ಲಾಸ್ಟರ್ ಮತ್ತು ಸ್ಯಾಸರ್‌ಗಳೆರಡನ್ನೂ ಎಕ್ಸ್‌ಪಿಯೊಳಗೆ ಮಲಗಿದ್ದ ಕಾವಲುಗಾರ ಎಚ್ಚರವಿದ್ದಿದ್ದರೆ ಮನೆಯ ಯಂತ್ರದ ಹೊರಗೇ ನಿಲ್ಲಿಸುತ್ತಿದ್ದ.

೨೦೦೪ರ ಆಗಸ್ಟ್ ೬ರಂದು ಸಿದ್ಧವಾದ ಸರ್ವಿಸ್ ಪ್ಯಾಕ್ ೨ ಎಂಬ ದೊಡ್ಡ ತೇಪೆಯಲ್ಲಿ ಕಡೆಗೂ ಆ ನಿರ್ಧಾರ ತಿರುವುಮುರುವಾಯಿತು. ಹೆಸರನ್ನು ‘ವಿಂಡೋಸ್ ಫೈರ್‌ವಾಲ್’ ಎಂದು ಬದಲಿಸಿ, ಹಾಕಿದೊಡನೆ ಅದು ತಾನಾಗಿಯೇ ಚಾಲೂ ಆಗುವಂತೆ ಮಾಡಿದರು. ಅಗಳಿ ಹಾಕಿಯೇ ಮನೆ ಕೊಡುವುದು, ಬೇಡವಾದವರು ತೆಗೆದುಕೊಳ್ಳಲಿ! ಇನ್ನೊಂದು ಸೂಕ್ಷ್ಮವನ್ನೂ ಸರಿಪಡಿಸಿದರು. ಮೊದಲು ಯಂತ್ರ ಹೊತ್ತಿಕೊಳ್ಳುವಾಗ ತಂತಿ ಮೊದಲು ಜೀವ ತಳೆದು, ಕಾವಲುಗಾರ ಸ್ವಲ್ಪ ತಡವಾಗಿ ಹಾಜರಾಗುತ್ತಿದ್ದ. ಆ ನಡುವಿನ ಕ್ಷಣಗಳಲ್ಲಿ ಬಾಗಿಲು ಬಯಲು. ಈಗ ಆ ಸಂದಿಯನ್ನೂ ಮುಚ್ಚಿದರು. ಪೂರ್ತಿ ತೇಪೆಯ ಗಾತ್ರ ಸುಮಾರು ೨೬೬ ಮೆಗಾಬೈಟು. ಸೆಕೆಂಡಿಗೆ ಐದು ಕಿಲೋಬೈಟು ಇಳಿಯುತ್ತಿದ್ದ ನಮ್ಮ ದೂರವಾಣಿಯಲ್ಲಿ ಅದಕ್ಕೆ ಹದಿನೈದು ಗಂಟೆ ಬೇಕೆಂದು ಲೆಕ್ಕ ಹಾಕಿ ಕೈಬಿಟ್ಟು, ಗೆಳೆಯರ ಬಳಿಯಿಂದ ಸಿ.ಡಿ. ತಂದು ಹಾಕಿಕೊಂಡೆವು.

ಮುಂದಿನದನ್ನು ಬೇಗ ಹೇಳಿ ಮುಗಿಸಬಹುದು. ೨೦೦೭ರ ಜನವರಿಯಲ್ಲಿ ಮನೆಗಳಿಗೆ ಬಂದ ವಿಸ್ಟಾದಲ್ಲಿ, ಹೊರಗೆ ಹೋಗುವುದನ್ನು ತಡೆಯುವ ಶಕ್ತಿಯೂ, ಮನೆಯ ಸಂಪರ್ಕಕ್ಕೊಂದು ನಿಯಮ, ಸಾರ್ವಜನಿಕ ಸ್ಥಳಕ್ಕೊಂದು ನಿಯಮ ಎಂಬ ವಿಂಗಡಣೆಯೂ ಬಂದವು. ಅದೇ ವರ್ಷ ಅಕ್ಟೋಬರಿನಲ್ಲಿ ಆಪಲ್ ಕಂಪೆನಿ ತನ್ನ ಮ್ಯಾಕ್‌ಗಳಿಗೆ ಹೊಸ ಬಗೆಯ ಫೈರ್‌ವಾಲ್ ಕೊಟ್ಟಿತು. ಅದನ್ನು ಚಾಲೂ ಮಾಡುವ ಕೆಲಸವನ್ನು ಮಾತ್ರ ಕೊಂಡವರಿಗೇ ಬಿಟ್ಟಿತು. ಗೋಡೆಗೆ ಮಿತಿಯೂ ಇದೆ. ೨೦೦೮ರ ನವೆಂಬರಿನ ಕಾನ್‌ಫಿಕರ್ ಹುಳು, ಮೊದಲು ಕಿಟಕಿಯಿಂದ ಬಂದದ್ದು, ಮುಂದಿನ ಅವತಾರದಲ್ಲಿ ಕಿಸೆಯಲ್ಲಿ ತಿರುಗುವ ಪೆನ್‌ಡ್ರೈವ್ ಏರಿ ಬಂದಿತು. ೨೦೧೭ರ ಮೇ ೧೨ರ ವಾನಾಕ್ರೈ ಕಡತಗಳನ್ನೆಲ್ಲ ಬೀಗ ಹಾಕಿ ದುಡ್ಡು ಕೇಳಿದಾಗಲೂ ಅದರ ದಾರಿ ಅದೇ ಹಳೆಯ ೪೪೫. ಕಚೇರಿಗಳಲ್ಲಿ ಕಡತ ಹಂಚಿಕೆಗೆಂದು ಒಳಗೊಳಗೆ ಆ ಕಿಟಕಿ ತೆರೆದಿರುವುದರಿಂದ, ಒಂದು ಯಂತ್ರ ಕೆಟ್ಟರೆ ಸಾಲು ಸಾಲು ಕೆಟ್ಟವು. ಇನ್ನು ನಾವೇ ಕರೆದು ಒಳಗೆ ಕೂಡಿಸಿಕೊಂಡವರನ್ನು ಫೈರ್‌ವಾಲ್ ತಡೆಯಲಾರದು. ಬ್ಯಾಂಕಿನವರೆಂದು ಹೇಳಿಕೊಂಡವನು ಕಳಿಸಿದ ಕೊಂಡಿಯನ್ನು ನಾವು ಒತ್ತಿದರೆ ಜಾವಕದಲ್ಲಿ ನಮ್ಮದೇ ನಂಬರು ಬಿದ್ದಿರುತ್ತದೆ!

ಮಾಸ್ತರರಿಗೆ ವಿಷಯ ತಿಳಿಸಲು ಹೋದಾಗ ಅವರು ನಮ್ಮ ಮುಖವನ್ನೊಮ್ಮೆ ನೋಡಿ, “ಹೋಗಲಿ ಬಿಡಿ, ಹುಡುಗರು ಕಾಪಿ ಪುಸ್ತಕ ಕಳೆದುಕೊಂಡು ಬಂದಾಗ ನಾನೇನು ಹೊಡೆಯುತ್ತಿದ್ದೆನೆ?” ಎಂದರು. ಮತ್ತೆ ಬರೆಯುತ್ತೇನೆಂದರು. ಬರೆಯಲಿಲ್ಲ. ಮೂರು ವರ್ಷಗಳ ನಂತರ ತೀರಿಕೊಂಡರು.

ಕಳೆದ ತಿಂಗಳು ಸಂಘದ ಕಚೇರಿಯ ಗಣಕದ ಮುಂದೆ ಕುಳಿತಾಗ, ಅಭ್ಯಾಸಬಲದಿಂದ ‘ವಿಂಡೋಸ್ ಸೆಕ್ಯೂರಿಟಿ’ ತೆರೆದು ಫೈರ್‌ವಾಲಿನ ಪುಟ ನೋಡಿದೆವು. ಮೂರು ಬಗೆಯ ಸಂಪರ್ಕಗಳಿಗೂ ಅದು ಬಂದ್ ಆಗಿತ್ತು. ಕಚೇರಿ ನೋಡಿಕೊಳ್ಳುವ ಕಾಕಾ ಅವರನ್ನು ಕೇಳಿದರೆ, “ಪ್ರಿಂಟರು ನಡೆಯುತ್ತಿರಲಿಲ್ಲ ನೋಡ್ರಿ. ರಿಪೇರಿಗೆ ಬಂದವರು ಅದನ್ನು ತೆಗೆದರೆ ನಡೆಯುತ್ತದೆ ಎಂದರು. ನಡೆಯಿತು” ಎಂದರು. ಯಾವಾಗ ಎಂದೆವು. ಹೋದ ವರ್ಷ ದೀಪಾವಳಿಗೆ ಮುಂಚೆಯಂತೆ. ಮೂರನ್ನೂ ಚಾಲೂ ಮಾಡಿದೆವು. ಪ್ರಿಂಟರು ಸುಮ್ಮನಾಯಿತು. ಹುಡುಕಿದಾಗ, ಕಚೇರಿಯ ವೈಫೈ ‘ಸಾರ್ವಜನಿಕ’ ಎಂದು ದಾಖಲಾಗಿದ್ದುದು ಕಂಡಿತು. ಅದನ್ನು ‘ಖಾಸಗಿ’ ಎಂದು ತಿದ್ದಿ, ಅನುಮತಿಗಳ ಪಟ್ಟಿಯಲ್ಲಿ ‘ಫೈಲ್ ಅಂಡ್ ಪ್ರಿಂಟರ್ ಶೇರಿಂಗ್’ ಎಂಬುದಕ್ಕೆ ಖಾಸಗಿ ಸಂಪರ್ಕದ ಮಟ್ಟಿಗೆ ಗುರುತು ಹಾಕಿದೆವು. ಗೋಡೆ ಇದ್ದ ಹಾಗೆಯೇ ಇತ್ತು, ಪ್ರಿಂಟರು ಗೊರಗೊರ ಎಂದು ಹಾಳೆ ಎಳೆದುಕೊಂಡಿತು. ಆ ಹಾಳೆಯ ಮೇಲೆ ಬಂದದ್ದು, ೨೦೦೩ರ ಜುಲೈ ಸಂಚಿಕೆ ನೋಡಿಕೊಂಡು ನಾವು ಮತ್ತೆ ಟೈಪು ಮಾಡಿದ ಮಾಸ್ತರರ ಮೊದಲ ಕಂತು. ಅದನ್ನು ಈ ಸಂಚಿಕೆಯಲ್ಲಿ ಬೇರೆಡೆ ಕೊಟ್ಟಿದೆ.